ಡ್ರಮ್ಮಿನೊಳಗೆ ಅದ್ದಿದ ಕೈ

ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನು ಶಾಲೆಯ ವರಾಂಡದ ಮೂಲೆಯಲ್ಲಿ ನಿಲ್ಲಿಸಿದ್ದರು. ಬೆಳಿಗ್ಗೆಯಷ್ಟೇ ಟ್ಯಾಂಕರಿನಿಂದ ತುಂಬಿದ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಅದು 2019ರ ಆಗಸ್ಟ್ ತಿಂಗಳು. ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿತ್ತು. ಕೊಣ್ಣೂರು, ಲಖಮಾಪುರ, ಹೊಳೆಆಲೂರು ಎಂಬ ಹೆಸರುಗಳು ಆ ವಾರ ಎಲ್ಲರ ಬಾಯಲ್ಲಿದ್ದವು. ಅದೇ ದಂಡೆಯ ಇನ್ನೊಂದು ಹಳ್ಳಿಯಲ್ಲಿ ನನ್ನ ದೊಡ್ಡವ್ವನ ಮನೆ. ಮನೆ ಬಿಟ್ಟು ಬಂದವರೆಲ್ಲ ಎತ್ತರದಲ್ಲಿದ್ದ ಶಾಲೆಯಲ್ಲಿ ಉಳಿದಿದ್ದರು. ನಾನು ಧಾರವಾಡದಿಂದ ಒಂದಿಷ್ಟು ಹೊದಿಕೆ, ರೊಟ್ಟಿ, ಔಷಧ ತೆಗೆದುಕೊಂಡು ಅಲ್ಲಿಗೆ ಹೋಗಿದ್ದೆ.

ದೊಡ್ಡವ್ವ ಆ ಡ್ರಮ್ಮಿನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ನಾನೂ ಕೂತೆ. ನೋಡನೋಡುತ್ತಿದ್ದಂತೆ ಒಬ್ಬ ಹುಡುಗ ಓಡಿಬಂದು ಬೊಗಸೆ ಅದ್ದಿ ಕುಡಿದು ಹೋದ. ಯಾರೋ ನೆಲದ ಮೇಲಿದ್ದ ಚರಗಿಯನ್ನು ಹಾಗೆಯೇ ಮುಳುಗಿಸಿದರು. ಕೂಸಿನ ಅಂಡು ತೊಳೆದು ಬಂದ ತಾಯಿ, ಪಾಪ, ಸಾಬೂನು ಎಲ್ಲಿಂದ ತರಬೇಕು, ಅದೇ ಕೈಯಲ್ಲಿ ಲೋಟ ಅದ್ದಿದಳು. ಮರುದಿನದ ಹೊತ್ತಿಗೆ ನಾಲ್ಕು ಮಕ್ಕಳಿಗೆ ಭೇದಿ. ಟ್ಯಾಂಕರಿನ ನೀರೇ ಸರಿಯಿಲ್ಲ ಎಂದು ಎಲ್ಲರೂ ಬೈದರು. ದೊಡ್ಡವ್ವ ಮಾತ್ರ ತಲೆ ಅಲ್ಲಾಡಿಸಿದಳು. "ನೀರ ಕೆಟ್ಟಿಲ್ಲ ತಂಗಿ, ಕೈ ಕೆಟ್ಟಾವ" ಅಂದಳು.

ಮಳೆಗಾಲ ಹತ್ತಿರ ಬಂದಾಗಲೆಲ್ಲ ಓದುಗರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ತುಂಬಿಟ್ಟ ನೀರು ಎಷ್ಟು ದಿನಕ್ಕೆ ಕೆಡುತ್ತದೆ? ಪ್ರವಾಹವೋ, ಪೈಪು ಒಡೆಯುವುದೋ, ಕರೆಂಟು ಹೋಗುವುದೋ ಏನಾದರೂ ಆದರೆ ಮನೆಯಲ್ಲಿ ಎಷ್ಟು ನೀರು, ಏನು ಕಾಳುಕಡಿ ಇಟ್ಟುಕೊಂಡಿರಬೇಕು? ಈ ಪ್ರಶ್ನೆಗೆ ನನಗೆ ತಿಳಿದ ಉತ್ತರ ಶುರುವಾಗುವುದು ಆ ಡ್ರಮ್ಮಿನಿಂದಲೇ.

ನೀರು ತಾನಾಗಿ ಕೆಡುವ ಪದಾರ್ಥವಲ್ಲ. ಹಾಲಿನಲ್ಲಿ, ಅನ್ನದಲ್ಲಿ ಇರುವಂತೆ ಶುದ್ಧ ನೀರಿನಲ್ಲಿ ರೋಗಾಣುಗಳಿಗೆ ಮೇವಿಲ್ಲ. ಅದನ್ನು ಕೆಡಿಸುವವು ಮೂರು: ಬೆಳಕು, ಸೊಳ್ಳೆ, ಕೈ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಕೈಯಂತೂ ಊರಿನ ಕಾಯಿಲೆಯನ್ನೆಲ್ಲ ತಂದು ಹಾಕುತ್ತದೆ. ಈ ಮೂರನ್ನೂ ದೂರವಿಟ್ಟು, ಸ್ವಲ್ಪ ಕ್ಲೋರಿನ್ ಉಳಿದಿರುವ ನೀರನ್ನು ಬಿಗಿಯಾಗಿ ಮುಚ್ಚಿ ನೆರಳಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ತುರ್ತಿಗೆಂದು ಎತ್ತಿಟ್ಟ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು ಎನ್ನುವುದು ಸಾಮಾನ್ಯ ಸಲಹೆ. ಬಣ್ಣ, ಕೀಟನಾಶಕ ಅಥವಾ ಎಣ್ಣೆ ತುಂಬಿದ್ದ ಡಬ್ಬಿಗಳನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು.

ನೀರು ತುಂಬಿಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ವಾರಕ್ಕೊಮ್ಮೆ ನಳ ಬಂದರೆ ಪುಣ್ಯ ಎಂಬ ಕಾಲವನ್ನು ನಾವೆಲ್ಲ ಉಂಡಿದ್ದೇವೆ. ಸಿಂಟೆಕ್ಸ್, ಬ್ಯಾರಲ್, ಹಂಡೆ, ಕೊಡ, ಕಡೆಗೆ ಉಪ್ಪಿನಕಾಯಿ ಭರಣಿಯನ್ನೂ ಬಿಡದೆ ತುಂಬಿಟ್ಟ ಮನೆಗಳು ನಮ್ಮವು. ಬೆಂಗಳೂರಿನವರಿಗೆ ಅದರ ರುಚಿ ಹತ್ತಿದ್ದು 2022ರ ಸೆಪ್ಟೆಂಬರಿನಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ಮಳೆನೀರು ನುಗ್ಗಿ ಕಾವೇರಿ ನೀರಿನ ಪೂರೈಕೆ ನಿಂತುಹೋಯಿತು. ನಗರದ ಒಂದು ಭಾಗದಲ್ಲಿ ಮನೆಯ ಮುಂದೆ ಎದೆಮಟ್ಟ ನೀರು, ಒಳಗೆ ನಲ್ಲಿಯಲ್ಲಿ ಹನಿಯಿಲ್ಲ. ಪ್ರವಾಹವೆಂದರೆ ಹೀಗೆಯೇ. ಸುತ್ತ ನೀರಿದ್ದಾಗಲೇ ಕುಡಿಯುವ ನೀರಿಗೆ ಬರ.

ಎಷ್ಟು ಬೇಕು ಎಂಬುದರ ಲೆಕ್ಕ ಸರಳ. ಕುಡಿಯಲು ಮತ್ತು ತುಸು ಅಡುಗೆಗೆ ಒಬ್ಬರಿಗೆ ದಿನಕ್ಕೆ ಸುಮಾರು 3 ಲೀಟರು. ಐದು ಜನರ ಮನೆಗೆ ಮೂರು ದಿನಕ್ಕೆ 45 ಲೀಟರು, ಅಂದರೆ ಹದಿನೈದು ಲೀಟರು ಹಿಡಿಯುವ ಮೂರು ಕೊಡ. ತೊಳೆಯುವುದು, ಮೀಯುವುದು, ಪಾಯಿಖಾನೆ ಎಲ್ಲ ಸೇರಿದರೆ ಪರಿಹಾರ ಶಿಬಿರಗಳಿಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಕನಿಷ್ಠ ಅಳತೆ ಒಬ್ಬರಿಗೆ ದಿನಕ್ಕೆ 15 ಲೀಟರು. ಆ ಲೆಕ್ಕದಲ್ಲಿ ಅದೇ ಮನೆಗೆ ಅಷ್ಟೇ ದಿನಕ್ಕೆ 225 ಲೀಟರು, ಒಂದು ಡ್ರಮ್ಮಿಗಿಂತ ತುಸು ಹೆಚ್ಚು. ಹಾಗಾಗಿ ಬಳಕೆಯ ನೀರಿಗೆ ಒಂದು ಡ್ರಮ್ಮು, ಕುಡಿಯುವ ನೀರಿಗೆ ಬೇರೆಯಾಗಿ ಮೂರು ಕೊಡ. ಇವೆರಡನ್ನೂ ಎಂದೂ ಬೆರೆಸಬೇಡಿ.

ಎತ್ತಿಟ್ಟ ನೀರು ತೀರಿದಾಗ ಸಿಕ್ಕ ನೀರನ್ನೇ ಶುದ್ಧ ಮಾಡಿಕೊಳ್ಳಬೇಕಾಗುತ್ತದೆ. ಗೋಡೆಯ ಮೇಲಿನ ಯಂತ್ರವಿದೆಯಲ್ಲ ಎನ್ನುವವರು ಗಮನಿಸಬೇಕು: ಆರ್‌ಒ ಯಂತ್ರಕ್ಕೂ ಯುವಿ ದೀಪಕ್ಕೂ ಕರೆಂಟು ಬೇಕು. ಮಳೆ-ಗಾಳಿ ಶುರುವಾದರೆ ನಮ್ಮಲ್ಲಿ ಮೊದಲು ಹೋಗುವುದು ಅದೇ. ಯಂತ್ರವಿಲ್ಲದೆ ನೀರನ್ನು ತಿಳಿಗೊಳಿಸುವುದು, ಕೊಲ್ಲಬೇಕಾದ್ದನ್ನು ಕೊಲ್ಲುವುದು ಮನೆಯ ಒಬ್ಬರಿಗಾದರೂ ಗೊತ್ತಿರಬೇಕು.

ಮೊದಲ ಕೆಲಸ ತಿಳಿ ಮಾಡುವುದು. ರಾಡಿ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಅದನ್ನು ಮಣ್ಣೇ ನುಂಗಿಬಿಡುತ್ತದೆ. ನೀರನ್ನು ಒಂದು ರಾತ್ರಿ ಅಲುಗಾಡದಂತೆ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡು, ಹಳೆಯ ನೂಲಿನ ಸೀರೆಯನ್ನು ನಾಲ್ಕೆಂಟು ಪದರ ಮಡಚಿ ಸೋಸಬೇಕು. ಹಳೆಯ ಸೀರೆ ಎಂದದ್ದು ಬಡತನಕ್ಕಲ್ಲ. ಒಗೆದೊಗೆದು ನೂಲು ಬಿರಿದು ಎಳೆಗಳ ನಡುವಿನ ಸಂದು ಕಿರಿದಾಗಿರುತ್ತದೆ, ಹೊಸ ಬಟ್ಟೆಗಿಂತ ಅದು ಚೆನ್ನಾಗಿ ಹಿಡಿಯುತ್ತದೆ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನೇ ಮಾಡಿಸಿ ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಡಚಿದ ಸೀರೆಯಲ್ಲಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ, ನೂರಕ್ಕೆ 48ರಷ್ಟು ಇಳಿದಿತ್ತು. ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳಿಗೆ ಅಂಟಿಕೊಂಡಿರುತ್ತದೆ. ಸೀರೆಯ ಪದರದಲ್ಲಿ ಆ ಜೀವಿಗಳು ಸಿಕ್ಕಿಬೀಳುತ್ತವೆ. ಆದರೆ ಉಳಿದ ಬ್ಯಾಕ್ಟೀರಿಯಾ, ವೈರಸ್ಸುಗಳು ಆ ಜೀವಿಗಳಿಗಿಂತ ಬಹಳ ಸಣ್ಣವು, ಬಟ್ಟೆಯನ್ನು ದಾಟಿ ಹೋಗುತ್ತವೆ. ಸೋಸಿದಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು.

ರಾಡಿ ತುಂಬ ದಪ್ಪವಾಗಿದ್ದರೆ ಸ್ಫಟಿಕ ಇದೆ. ಅಂಗಡಿಯಲ್ಲಿ ಪಟಿಕ ಎಂದರೂ ಕೊಡುತ್ತಾರೆ. ಹರಳನ್ನು ಕೊಡದ ನೀರಿನಲ್ಲಿ ನಾಲ್ಕಾರು ಸುತ್ತು ತಿರುಗಿಸಿ ತೆಗೆದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳ ಸೇರುತ್ತವೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಇದೇ ಕೆಲಸ ಮಾಡುತ್ತಿದ್ದರು. ಒಣಗಿದ ನುಗ್ಗೆಬೀಜದ ಪುಡಿಗೂ ಆ ಗುಣವಿದೆ. ಇವೆಲ್ಲ ತಿಳಿ ಮಾಡುವ ಉಪಾಯಗಳು. ತಿಳಿಯಾಗಿ ಕಾಣುವ ನೀರೆಲ್ಲ ಕುಡಿಯುವ ನೀರಲ್ಲ.

ಕೊಲ್ಲುವುದಕ್ಕೆ ಬೆಂಕಿಗಿಂತ ನಂಬಿಕಸ್ಥ ದಾರಿ ಇನ್ನೊಂದಿಲ್ಲ. ಇಪ್ಪತ್ತು ನಿಮಿಷ ಕುದಿಸಬೇಕು ಎಂದು ನಮ್ಮಲ್ಲಿ ಬೇರೂರಿದ ಮಾತೊಂದಿದೆ. ಅದನ್ನು ಬಿಡಬೇಕು ಎನ್ನುವುದು ನನ್ನ ಒತ್ತಾಯ. ತಳದಿಂದ ಗುಳ್ಳೆಗಳು ಉಕ್ಕಿ ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ನಮ್ಮ ರಾಜ್ಯದ ಬೆಟ್ಟದ ಊರುಗಳಲ್ಲೂ ಅಷ್ಟೇ ಸಾಕು. ಪ್ರವಾಹದ ವಾರದಲ್ಲಿ ಸಿಲಿಂಡರ್ ಸಿಗುವುದಿಲ್ಲ, ಕಟ್ಟಿಗೆ ಒದ್ದೆಯಾಗಿರುತ್ತದೆ. ಇಪ್ಪತ್ತು ನಿಮಿಷದ ಉರುವಲನ್ನು ಒಂದೇ ಕೊಡಕ್ಕೆ ಸುಟ್ಟರೆ ಮುಂದಿನ ಕೊಡವನ್ನು ಹಸಿಯಾಗಿಯೇ ಕುಡಿಯಬೇಕಾಗುತ್ತದೆ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ಆರಿದ ನೀರನ್ನು ತೊಳೆಯದ ಇನ್ನೊಂದು ಕೊಡಕ್ಕೆ ಸುರಿದರೆ ಸುಟ್ಟ ಕಟ್ಟಿಗೆ ವ್ಯರ್ಥ.

ಉರುವಲೇ ಇಲ್ಲದಿದ್ದರೆ ಕ್ಲೋರಿನ್. ಆಶಾ ಕಾರ್ಯಕರ್ತೆಯರು ಹಂಚುವ ಗುಳಿಗೆಗಳಾದರೆ ಎಷ್ಟು ಲೀಟರಿಗೆ ಒಂದು ಎಂಬುದನ್ನು ಪೊಟ್ಟಣದ ಮೇಲೆ ನೋಡಿ ಹಾಕಿ. ಬೇರೆ ಬೇರೆ ಗಾತ್ರದವು ಬರುತ್ತವೆ. ಗುಳಿಗೆ ಸಿಗದಿದ್ದರೆ ಬ್ಲೀಚಿಂಗ್ ಪೌಡರಿನಿಂದ ಮನೆಯಲ್ಲೇ ದ್ರಾವಣ ಮಾಡಿಕೊಳ್ಳಬಹುದು. ಹೊಸ, ಗಾಟು ವಾಸನೆಯ ಪುಡಿಯಲ್ಲಿ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುತ್ತದೆ. ಅಂಥ 33 ಗ್ರಾಂ ಪುಡಿಯನ್ನು ಒಂದು ಲೀಟರು ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಕಪ್ಪು ಬಾಟಲಿಗೆ ಬಸಿದಿಟ್ಟುಕೊಳ್ಳಿ. ಸೋಸಿದ 20 ಲೀಟರು ನೀರಿಗೆ ಈ ದ್ರಾವಣ ಒಂದು ಚಹಾ ಚಮಚ. ಕಲಕಿ, ಮುಚ್ಚಿ, ಅರ್ಧ ಗಂಟೆ ಬಿಡಬೇಕು. ಆಮೇಲೆ ಮೂಸಿದರೆ ಕ್ಲೋರಿನ್ನಿನ ಸಣ್ಣ ವಾಸನೆ ಇರಬೇಕು. ಇಲ್ಲದಿದ್ದರೆ ಕೊಳೆಯೇ ಅದನ್ನೆಲ್ಲ ತಿಂದಿದೆ ಎಂದು ಅರ್ಥ. ಇನ್ನೊಂದು ಚಮಚ ಹಾಕಿ ಮತ್ತೆ ಅರ್ಧ ಗಂಟೆ ಕಾಯಬೇಕು. ವಾಸನೆ ಬರುತ್ತದೆಂದು ನೀರು ಚೆಲ್ಲುವವರನ್ನು ಶಿಬಿರದಲ್ಲಿ ಕಂಡಿದ್ದೇನೆ. ಆ ವಾಸನೆಯೇ ನೀರಿಗೆ ಕಾವಲು, ಮುಂದೆ ಬೀಳುವ ರೋಗಾಣುವನ್ನೂ ಅದು ಕೊಲ್ಲುತ್ತದೆ. ಕುದಿಸಿದ ನೀರಿಗೆ ಆ ಕಾವಲಿಲ್ಲ. ದ್ರಾವಣದ ಶಕ್ತಿ ಬೇಗ ಇಳಿಯುವುದರಿಂದ ವಾರಕ್ಕೊಮ್ಮೆ ಹೊಸದು ಮಾಡಿಕೊಳ್ಳಬೇಕು. ಪುಡಿಯೂ ಹಾಗೆಯೇ, ಬಾಯಿ ತೆರೆದಿಟ್ಟ ಚೀಲದ್ದು ಕೆಲವೇ ವಾರಗಳಲ್ಲಿ ಬರೀ ಸುಣ್ಣವಾಗುತ್ತದೆ.

ಬಾವಿ ಇದ್ದವರಿಗೆ ಒಂದು ಲೆಕ್ಕ. ಸಾಮಾನ್ಯ ಕಾಲದಲ್ಲಿ 1000 ಲೀಟರು ನೀರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರು. ಮೂರು ಮೀಟರು ಅಗಲ, ನಾಲ್ಕು ಮೀಟರು ನೀರಿರುವ ದುಂಡು ಬಾವಿಯಲ್ಲಿ ಸುಮಾರು 28,000 ಲೀಟರು ನೀರು, ಅದಕ್ಕೆ 70 ಗ್ರಾಂ. ಪುಡಿಯನ್ನು ನೇರ ಬಾವಿಗೆ ಎರಚಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೂತ ಮೇಲೆ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ಪ್ರವಾಹದ ನೀರು ಒಳಗೆ ಇಳಿದ ಬಾವಿಗೆ ಈ ಅಳತೆ ಸಾಲುವುದಿಲ್ಲ. ಅದನ್ನು ಆರೋಗ್ಯ ಇಲಾಖೆಯವರಿಂದ ಪರೀಕ್ಷೆ ಮಾಡಿಸದೆ ಬಳಸಬೇಡಿ.

ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿನೀರು ತುಂಬಿ ಆರು ಗಂಟೆ ಬಿಸಿಲಿಗೆ ಮಲಗಿಸಿಟ್ಟರೆ ಸೂರ್ಯನೇ ರೋಗಾಣುಗಳನ್ನು ಕೊಲ್ಲುತ್ತಾನೆ. ಬೇಸಗೆಯಲ್ಲಿ ಪೈಪು ಒಡೆದಾಗ ಒಳ್ಳೆಯ ಉಪಾಯ. ಮೋಡ ಮುಸುಕಿದ ಆಗಸ್ಟಿಗೆ ಎರಡು ದಿನ ಬೇಕು. ಇನ್ನು ಗದಗ, ಬಾಗಲಕೋಟೆ ಕಡೆಯ ಬೋರ್‌ವೆಲ್ಲುಗಳ ಫ್ಲೋರೈಡ್ ಕುದಿಸಿದರೂ ಹೋಗದು, ಕ್ಲೋರಿನ್ನಿಗೂ ಬಗ್ಗದು. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಹೊಲದ ಗೊಬ್ಬರ, ಕೀಟನಾಶಕ ಬೆರೆತ ನೀರಿಗೂ ಈ ಯಾವ ವಿದ್ಯೆಯೂ ನಡೆಯದು. ಅಂಥ ನೀರು ಕುಡಿಯಲು ಬೇಡವೇ ಬೇಡ.

ಮತ್ತೆ ಕೈಗೆ ಬರುತ್ತೇನೆ. ಇಷ್ಟೆಲ್ಲ ಸೋಸಿ, ಕುದಿಸಿ, ಅಳೆದು ಹಾಕಿದ ನೀರು ಒಂದು ಬೊಗಸೆ ಅದ್ದಿದ ಕ್ಷಣಕ್ಕೆ ಶುರುವಿಗೆ ಹೋಗಿಬಿಡುತ್ತದೆ. ಕಿರಿದಾದ ಬಾಯಿಯ ಕೊಡ, ಅದಕ್ಕೆ ಮುಚ್ಚಳ, ಸಾಧ್ಯವಾದರೆ ಬುಡದಲ್ಲೊಂದು ನಳ. ನನ್ನನ್ನು ಕೇಳಿದರೆ ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದ್ದು ಇದು. ನಳವಿಲ್ಲದ ಕೊಡವಾದರೆ ಉದ್ದ ಹಿಡಿಯ ಸವಟು, ಅದನ್ನು ನೆಲಕ್ಕಿಡದೆ ಮೊಳೆಗೆ ನೇತುಹಾಕುವ ರೂಢಿ. ಅಜ್ಜಿಯ ತಾಮ್ರದ ಕೊಡ ಅಟ್ಟದ ಮೇಲಿದ್ದರೆ ಇಳಿಸಿಕೊಳ್ಳಿ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿಯಲಿಲ್ಲ ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಅದರಲ್ಲಿ ಮಜ್ಜಿಗೆ, ನಿಂಬೆ ಪಾನಕ ಮಾತ್ರ ಇಡಬಾರದು. ದಿನಬಳಕೆಯ ಡ್ರಮ್ಮು, ಸಂಪುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಗೋಡೆಯನ್ನು ತಿಕ್ಕಿ ತೊಳೆಯಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿನ ಗೋಡೆಗೆ, ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ಬರೀ ನೀರು ಚೆಲ್ಲಿದರೆ ಮೊಟ್ಟೆ ಅಲ್ಲೇ ಉಳಿದು, ಮತ್ತೆ ತುಂಬಿದಾಗ ಒಡೆಯುತ್ತವೆ.

ಭೇದಿ ಶುರುವಾದ ಆ ನಾಲ್ಕು ಮಕ್ಕಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಲೀಟರು ಶುದ್ಧ ನೀರು, ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು-ಸಕ್ಕರೆಯ ನೀರನ್ನು ಕುಡಿಸಲು ಮನೆಯವರಿಗೇ ಕಲಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಶಾಲೆಯ ವರಾಂಡದಲ್ಲಿ ನಾವೂ ಅದನ್ನೇ ಮಾಡಿದೆವು. ಮಕ್ಕಳು ಚೇತರಿಸಿಕೊಂಡರು. ಉಪ್ಪಿನ ಅಳತೆ ಹೆಚ್ಚಾದರೆ ಅಪಾಯ, ಅದೊಂದು ನೆನಪಿರಲಿ.

ಆಹಾರದ ಮಾತಿಗೆ ಬಂದರೆ ನನಗೆ ಹಗೇವು ನೆನಪಾಗುತ್ತದೆ. ದೊಡ್ಡವ್ವನ ಅಂಗಳದಲ್ಲಿ ನೆಲದೊಳಗೆ ತೋಡಿದ ಹಗೇವು ಇತ್ತು. ಒಳಮೈಗೆ ಹುಲ್ಲು ಹೊದಿಸಿ ಜೋಳ ಸುರಿದು ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಕಾಳು ಒಳಗೇ ಉಸಿರಾಡಿ ಗಾಳಿಯ ಆಮ್ಲಜನಕವನ್ನು ಮುಗಿಸಿಬಿಡುತ್ತದೆ, ಹುಳ ಬದುಕುವುದಿಲ್ಲ, ವರ್ಷಗಟ್ಟಲೆ ಜೋಳ ಕೆಡುವುದಿಲ್ಲ. ಅದೇ ಕಾರಣಕ್ಕೆ, ಬಾಯಿ ತೆಗೆದ ಕೂಡಲೇ ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿಗಳೂ ನಮ್ಮ ಕಡೆ ಉಂಟು. ಬರಗಾಲಕ್ಕೆ ಹಗೇವಿಗಿಂತ ದೊಡ್ಡ ಭರವಸೆ ಇರಲಿಲ್ಲ. ಹೊಳೆ ಬಂದಾಗ ಮಾತ್ರ ಮೊದಲು ಮುಳುಗಿದ್ದು ಅದೇ. ನೀರು ಇಳಿದ ಮೇಲೆ ತೆಗೆದ ಜೋಳ ಉಬ್ಬಿ, ಹುಳಿನಾತ ಹೊಡೆಯುತ್ತಿತ್ತು. ದೊಡ್ಡವ್ವ ಅದನ್ನು ಮಾಳಿಗೆಯ ಮೇಲೆ ಹರವಿ ಒಣಗಿಸತೊಡಗಿದಳು. ಹೊಳೆನೀರು ಮುಟ್ಟಿದ ಕಾಳಿನಲ್ಲಿ ಚರಂಡಿಯ ಹೊಲಸೂ ಇರುತ್ತದೆ, ಬೂಷ್ಟಿನ ವಿಷವೂ ಇರುತ್ತದೆ, ತೊಳೆದು ಒಣಗಿಸಿದರೆ ಆ ವಿಷ ಹೋಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ದನಕ್ಕಾರ ಹಾಕ್ತೀನಿ" ಅಂದಳು. ದನಕ್ಕೂ ಬೇಡ ದೊಡ್ಡವ್ವ ಎಂದೆ. ಅವಳು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ. ಮನೆಯ ಗೋಡೆ ಬಿದ್ದಾಗಲೂ ಅತ್ತಿರಲಿಲ್ಲ.

ಅದಕ್ಕೇ ಹೇಳುವುದು, ಯಾವ ಆಪತ್ತಿಗೆ ಎಂದು ನೋಡಿ ಕೂಡಿಡಬೇಕು. ಹೊಳೆಯ ದಂಡೆಯವರು ನೆಲದಲ್ಲಿ ಹೂಳುವುದಲ್ಲ, ಅಟ್ಟಕ್ಕೆ ಏರಿಸಬೇಕು; ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಎತ್ತಿಕೊಂಡು ಓಡುವಷ್ಟೇ ಭಾರದಲ್ಲಿ. ಬೇಯಿಸಬೇಕಾದ ಅಕ್ಕಿ-ಬೇಳೆ ಮೊದಲ ಮೂರು ದಿನಕ್ಕೆ ಉಪಯೋಗವಿಲ್ಲ, ಅದಕ್ಕೆ ಉರಿಯೂ ಬೇಕು, ನೀರೂ ಬೇಕು. ಉರಿಯಿಲ್ಲದೆ ತಿನ್ನುವಂಥದ್ದು ನಮ್ಮಲ್ಲಿ ಎಷ್ಟಿಲ್ಲ! ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ, ಅವಲಕ್ಕಿ, ಹುರಿಗಡಲೆ, ಬೆಲ್ಲ. ಹಳೆ ಮೈಸೂರಿನ ಕಡೆಯ ರಾಗಿ ಹುರಿಹಿಟ್ಟಂತೂ ಅದ್ಭುತ, ನೀರು-ಬೆಲ್ಲ ಕಲಸಿದರೆ ಊಟ. ಒಂದು ಮಾತು ಮಾತ್ರ: ಒಣರೊಟ್ಟಿ, ಉಪ್ಪುಖಾರದ ಹಿಂಡಿ ತಿಂದವರಿಗೆ ಬಾಯಾರಿಕೆ ಹೆಚ್ಚು. ಶಿಬಿರಕ್ಕೆ ರೊಟ್ಟಿಯ ಗಂಟುಗಳು ಬಂದು ಬಿದ್ದಾಗ ಡ್ರಮ್ಮು ಇನ್ನೂ ಬೇಗ ಬರಿದಾಗುತ್ತಿತ್ತು. ಹಾಗಾಗಿ ಮೊದಲು ನೀರನ್ನು ಎಣಿಸಿ, ಆಮೇಲೆ ರೊಟ್ಟಿಯನ್ನು. ಶೇಂಗಾ ಮುಗ್ಗು ವಾಸನೆ ಹಿಡಿದಿದ್ದರೆ ಮರುಮಾತಿಲ್ಲದೆ ಎಸೆಯಬೇಕು.

ಹೋದ ಮಳೆಗಾಲಕ್ಕೆ ಮುಂಚೆ ಊರಿಗೆ ಹೋಗಿದ್ದೆ. ದೊಡ್ಡವ್ವನ ಹೊಸ ಅಡುಗೆಮನೆಯ ಅಟ್ಟದ ಮೇಲೆ ಎರಡು ಡಬ್ಬಿ; ಒಂದರಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮಾದಲಿ. ಪಕ್ಕದಲ್ಲಿ ಬ್ಲೀಚಿಂಗ್ ಪೌಡರಿನ ಭರಣಿ, ಅದರ ಮೇಲೆ ಮೊಮ್ಮಗಳ ಅಕ್ಷರದಲ್ಲಿ ತಂದ ತಾರೀಖು. ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲಿನ ಕೊಡ. ಬಿಸಿಲಲ್ಲಿ ಬಂದವಳು ಚರಗಿ ಹಿಡಿದು ಅದರ ಮುಚ್ಚಳಕ್ಕೆ ಕೈ ಹಾಕಿದೆ.

"ಏ, ಅದರಾಗ ಅದ್ದಬ್ಯಾಡ" ಅಂದಳು ಒಲೆಯ ಮುಂದಿನಿಂದಲೇ. "ಬುಡಕ್ಕ ನಳ ಐತಿ ನೋಡು, ತಿರುವು."